ಕಣ್ಣಪ್ಪನ ಕಣ್ಣು, ಮುತ್ತುರಾಜರ ಕಣ್ಣು

ಮರಣಾನಂತರದ ನೇತ್ರದಾನದ ಪ್ರಸ್ತಾಪ ಬಂದಾಗಲೆಲ್ಲ ಕನ್ನಡದ ಭಾಷಣಕಾರರಿಗೆ ಮೊದಲು ನೆನಪಾಗುವವನು ಬೇಡರ ಕಣ್ಣಪ್ಪ. ಲಿಂಗದ ಕಣ್ಣಿನಿಂದ ರಕ್ತ ಸುರಿಯುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತು ಅಲ್ಲಿಗಿಟ್ಟ ಬೇಟೆಗಾರನ ಈ ಕಥೆ ತಮಿಳಿನ ಪೆರಿಯಪುರಾಣದಲ್ಲಿದೆ, ಹರಿಹರನ ರಗಳೆಯಲ್ಲಿದೆ, ಕಂಪನಿ ನಾಟಕಗಳಲ್ಲಿ ನೂರಾರು ರಾತ್ರಿ ರಂಗದ ಮೇಲೆ ಬಂದಿದೆ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ಅದು ಚಲನಚಿತ್ರವಾಯಿತು. ಗಾಜನೂರಿನ ಮುತ್ತುರಾಜರು ರಾಜಕುಮಾರ್ ಎಂಬ ಹೆಸರಿನಿಂದ ಮೊದಲ ಬಾರಿಗೆ ನಾಯಕರಾದದ್ದು ಆ ಚಿತ್ರದಲ್ಲಿಯೇ. 52 ವರ್ಷಗಳ ಅನಂತರ, 2006ರ ಏಪ್ರಿಲ್ 12ರಂದು ಅವರು ಬೆಂಗಳೂರಿನಲ್ಲಿ ನಿಧನರಾದಾಗ ಅವರ ಕಣ್ಣುಗಳು ನಿಜವಾಗಿಯೇ ದಾನವಾದವು. ತೆರೆಯ ಮೇಲೆ ಕಣ್ಣು ಕೊಟ್ಟವರು ಬಾಳಿನ ಕೊನೆಯಲ್ಲಿಯೂ ಕಣ್ಣು ಕೊಟ್ಟರೆಂಬ ಹೋಲಿಕೆ ಅಂದಿನಿಂದ ಇಂದಿನವರೆಗೆ ವೇದಿಕೆಗಳಲ್ಲಿ ಪುನರುಕ್ತವಾಗುತ್ತಲೇ ಇದೆ.

ಹೋಲಿಕೆ ಮನೋಹರವಾಗಿದೆ. ಅದು ಸರಿಯಾಗಿದೆಯೇ ಎಂಬುದು ಬೇರೆ ಪ್ರಶ್ನೆ. ಒಂದು ಸತ್ಕಾರ್ಯವನ್ನು ಯಾವ ಕಥೆಯ ಮೂಲಕ ಜನರಿಗೆ ತಿಳಿಸುತ್ತೇವೆಯೋ ಆ ಕಥೆಯ ಗುಣದೋಷಗಳು ಕಾರ್ಯಕ್ಕೂ ಅಂಟಿಕೊಳ್ಳುತ್ತವೆ. ಆದ್ದರಿಂದ ದೇಹದಾನದ ನಮ್ಮ ಹಳೆಯ ಕಥೆಗಳನ್ನೂ ಇಂದಿನ ನೇತ್ರದಾನ, ಅಂಗದಾನಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಅಗತ್ಯ.

ಈ ಪರಾಮರ್ಶೆಗೆ ಕನ್ನಡನಾಡಿನ ದಕ್ಷಿಣದ ಒಂದು ಮೂಲೆ ವಿಶೇಷವಾಗಿ ಒದಗುತ್ತದೆ. ಗಾಜನೂರು ಇಂದು ತಮಿಳುನಾಡಿನ ತಾಳವಾಡಿ ಸೀಮೆಗೆ ಸೇರಿದ್ದರೂ ಚಾಮರಾಜನಗರಕ್ಕೆ ಹತ್ತಿರದ ಕನ್ನಡದ ಹಳ್ಳಿ. ಅದೇ ಚಾಮರಾಜನಗರದ ಆಸುಪಾಸಿನ ಮಲೆಯೂರಿನಲ್ಲಿ ಪೂಜ್ಯಪಾದಾಚಾರ್ಯರ ಹೆಸರಿನೊಡನೆ ಬೆಸೆದುಕೊಂಡಿರುವ ಕನಕಗಿರಿ ಕ್ಷೇತ್ರವಿದೆ. ಪೂರ್ವಕ್ಕೆ, ಹನೂರು ತಾಲ್ಲೂಕಿನ ಕಾಡಂಚಿನಲ್ಲಿ, ಒಡೆಯರಪಾಳ್ಯವಿದೆ. ಅಲ್ಲಿ 1970ರ ದಶಕದಿಂದ ಟಿಬೆಟನ್ ನಿರಾಶ್ರಿತರು ನೆಲೆಸಿ, ಜೋಳ ಬೆಳೆದು, ಮಠ ಕಟ್ಟಿಕೊಂಡು ಬಾಳುತ್ತಿದ್ದಾರೆ. ಶೈವ ಕಣ್ಣಪ್ಪನನ್ನು ಅಭಿನಯಿಸಿದವರ ಊರು, ದೇಹವೇ ಬೇರೆ ಆತ್ಮವೇ ಬೇರೆ ಎಂದು ಬೋಧಿಸಿದ ಜೈನಾಚಾರ್ಯರ ಬೆಟ್ಟ, ಶವವನ್ನು ಹಕ್ಕಿಗಳಿಗೆ ದಾನ ಮಾಡುವ ಸಂಪ್ರದಾಯವನ್ನು ತಾಯ್ನಾಡಿನಲ್ಲಿ ಬಿಟ್ಟು ಬಂದ ಬೌದ್ಧರ ಪಾಳ್ಯ, ಇವು ಮೂರೂ ಒಂದೇ ಸೀಮೆಯಲ್ಲಿರುವುದು ಯೋಗಾಯೋಗ.

ಮೊದಲು ಕಣ್ಣಪ್ಪನ ಕಥೆಯನ್ನೇ ಸಾವಧಾನವಾಗಿ ಓದಬೇಕು. ಅವನು ಕಣ್ಣು ಕೊಟ್ಟದ್ದು ಕುರುಡನಿಗಲ್ಲ, ದೇವರಿಗೆ. ದೇವರಿಗೆ ಕಣ್ಣಿನ ಕೊರತೆಯಿರಲಿಲ್ಲ, ಅದು ಪರೀಕ್ಷೆ. ಎರಡನೆಯ ಕಣ್ಣನ್ನು ಕೀಳುವ ಮುನ್ನ ಜಾಗ ತಪ್ಪದಿರಲೆಂದು ಲಿಂಗದ ಮೇಲೆ ಪಾದವಿಟ್ಟನೆಂಬ ಪ್ರಸಂಗ ಭಕ್ತಿಸಾಹಿತ್ಯದ ಅತ್ಯುನ್ನತ ಕ್ಷಣಗಳಲ್ಲಿ ಒಂದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಕ್ಷಣದ ಶಕ್ತಿಯೆಲ್ಲ ಇರುವುದು ನೋವಿನಲ್ಲಿ, ಜೀವಂತ ದೇಹದ ಮೇಲೆ ತಾನೇ ಮಾಡಿಕೊಂಡ ಗಾಯದಲ್ಲಿ. ಕಥೆಯ ಕೊನೆಗೆ ಕೊಟ್ಟದ್ದೆಲ್ಲ ಮರಳಿ ಬರುತ್ತದೆ, ಭಕ್ತನಿಗೆ ಸಾಯುಜ್ಯವೂ ಒದಗುತ್ತದೆ. ಪಡೆದವನು ಯಾರು, ಅವನ ಕತ್ತಲೆ ಎಂತಹದು, ಕಣ್ಣು ಬಂದ ಮೇಲೆ ಅವನು ಏನನ್ನು ನೋಡಿದನು ಎಂಬ ಪ್ರಶ್ನೆಗಳಿಗೆ ಈ ಕಥೆಯಲ್ಲಿ ಎಡೆಯೇ ಇಲ್ಲ.

ಶಿಬಿಯ ಕಥೆಯಲ್ಲಿ ಪಡೆಯುವವನಾದರೂ ಇದ್ದಾನೆ. ಮಹಾಭಾರತದ ಶಿಬಿ ಪಾರಿವಾಳವನ್ನು ಉಳಿಸಲು ಗಿಡುಗನಿಗೆ ತನ್ನ ಮಾಂಸವನ್ನು ತೂಗಿ ಕೊಡುತ್ತಾನೆ. ಬೌದ್ಧರ ಜಾತಕದ ಶಿಬಿ ಇನ್ನೂ ಹತ್ತಿರದವನು. ಅವನು ಅಂಧ ಬ್ರಾಹ್ಮಣನೊಬ್ಬನಿಗೆ ತನ್ನ ಎರಡೂ ಕಣ್ಣುಗಳನ್ನು ವೈದ್ಯನಿಂದ ತೆಗೆಸಿ ಕೊಡುತ್ತಾನೆ. ಕಥೆಗಳಿಂದ ಲೋಕದಲ್ಲಿ ಏನೂ ಆಗದು ಎನ್ನುವವರು ಶ್ರೀಲಂಕೆಯತ್ತ ನೋಡಬೇಕು. ವೈದ್ಯರಾದ ಹಡ್ಸನ್ ಸಿಲ್ವಾ ಅವರು 1961ರಲ್ಲಿ ಅಲ್ಲಿ ನೇತ್ರದಾನ ಸಂಘವನ್ನು ಸ್ಥಾಪಿಸಿದಾಗ ಬೌದ್ಧ ಜನತೆ ಅದನ್ನು ತಮ್ಮ ದಾನಪಾರಮಿತೆಯ ಮುಂದುವರಿಕೆಯೆಂದೇ ಬಗೆದು ಒಪ್ಪಿಕೊಂಡಿತು. ಆ ಪುಟ್ಟ ದ್ವೀಪ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಹೊರದೇಶಗಳಿಗೂ ಕಾರ್ನಿಯಾಗಳನ್ನು ಕಳುಹಿಸುವಂತಾಯಿತು. ಶಿಬಿಯ ಕಥೆ ಅಲ್ಲಿ ಫಲ ಕೊಟ್ಟಿದೆ ಎನ್ನದೆ ವಿಧಿಯಿಲ್ಲ. ಕಣ್ಣಪ್ಪನ ಕಥೆ ಕನ್ನಡನಾಡಿನಲ್ಲಿ 1954ರಿಂದ 1994ರವರೆಗೆ ಅಂತಹ ಫಲ ಕೊಟ್ಟಂತೆ ಕಾಣದು. ಚಿತ್ರವನ್ನು ನೋಡಿ ಅತ್ತವರು ಲಕ್ಷಾಂತರ ಮಂದಿ. ಮನೆಗೆ ಹೋಗಿ ತಮ್ಮ ಕಣ್ಣಿನ ವಿಷಯ ಯೋಚಿಸಿದವರು ವಿರಳ. ಪೂಜಿಸಬೇಕಾದವನಾಗಿ ಕಂಡವನನ್ನು ಅನುಕರಿಸುವ ಧೈರ್ಯ ಸಾಮಾನ್ಯರಿಗೆ ಬರುವುದಿಲ್ಲ.

ಜೈನ ಪುರಾಣಗಳಲ್ಲಿ ಶಿಬಿಯ ಸ್ಥಾನದಲ್ಲಿರುವವನು ಮೇಘರಥ. ಇವನು ಶಾಂತಿನಾಥ ತೀರ್ಥಂಕರರ ಪೂರ್ವಜನ್ಮದ ರಾಜ. ಶ್ವೇತಾಂಬರ ಪರಂಪರೆಯಲ್ಲಿ ಮೇಘರಥನು ಶಿಬಿಯಂತೆಯೇ ತನ್ನ ಮಾಂಸವನ್ನು ತಕ್ಕಡಿಗೆ ಹಾಕುತ್ತಾನೆ. ಗುಣಭದ್ರಾಚಾರ್ಯರ ಉತ್ತರಪುರಾಣದ ಮೇಘರಥ ಹಾಗಲ್ಲ. ಅವನು ಕತ್ತಿ ಹಿಡಿಯುವ ಮೊದಲು ವಿಚಾರ ಮಾಡುತ್ತಾನೆ. ಮಾಂಸವು ದಾನಕ್ಕೆ ಯೋಗ್ಯವಾದ ವಸ್ತುವಲ್ಲ, ಹಿಂಸ್ರಪಕ್ಷಿಯು ಅಂತಹ ದಾನಕ್ಕೆ ಪಾತ್ರವೂ ಅಲ್ಲ ಎಂಬುದು ಅವನ ನಿರ್ಣಯದ ಸಾರ. ಕಾವ್ಯದ ದೃಷ್ಟಿಯಿಂದ ಇದು ನೀರಸವೆಂದು ಕೆಲವರು ಹೇಳಿಯಾರು. ರಕ್ತವಿಲ್ಲ, ತಕ್ಕಡಿಯಿಲ್ಲ, ಉದ್ಗಾರವಿಲ್ಲ. ಧರ್ಮವಿಚಾರದ ದೃಷ್ಟಿಯಿಂದ ಮಾತ್ರ ಇದೇ ಹೆಚ್ಚು ಗಂಭೀರ, ಹೆಚ್ಚು ತೊಡಕಿನದೂ ಹೌದು. ಏಕೆಂದರೆ ಮಾಂಸ ದೇಯವಲ್ಲವೆಂದ ಮೇಲೆ ಕಣ್ಣು ದೇಯವೇ, ಯಕೃತ್ತು ದೇಯವೇ ಎಂದು ಶ್ರಾವಕರು ಕೇಳುವುದು ಸಹಜ. ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವ ವೇದಿಕೆಯ ವಾಗ್ಮಿಗಳು ಸಮಾಜಕ್ಕೆ ಉಪಕಾರ ಮಾಡುವುದಿಲ್ಲ.

ಆಕ್ಷೇಪಕ್ಕೆ ಇನ್ನೊಂದು ಬಲವೂ ಉಂಟು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕ ಎಂಬ ವೈದ್ಯಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನು ಪ್ರತಿಪಾದಿಸಿದರು. ನೃಪತುಂಗನ ಸಭೆಯಲ್ಲಿ ವೈದ್ಯರ ಎದುರಿನಲ್ಲಿಯೇ ಮಾಂಸೌಷಧವನ್ನು ಖಂಡಿಸಿ ವಾದಿಸಿದರು. ಔಷಧಿಯಾಗಿಯೂ ಮಾಂಸ ಸಲ್ಲದೆಂಬ ಪರಂಪರೆ ಮನುಷ್ಯಶರೀರದ ಭಾಗವನ್ನು ಔಷಧದಾನವೆಂದು ಹೇಗೆ ಒಪ್ಪೀತು? ಉಗ್ರಾದಿತ್ಯರ ವಾದದ ಒಳಹೊಕ್ಕು ನೋಡಿದರೆ ಉತ್ತರ ಅಲ್ಲಿಯೇ ದೊರೆಯುತ್ತದೆ. ಅವರ ನಿಷೇಧ ನಿಂತಿರುವುದು ಎರಡು ಕಾರಣಗಳ ಮೇಲೆ: ಮಾಂಸಕ್ಕಾಗಿ ಪ್ರಾಣಿವಧೆ ಆಗುತ್ತದೆ, ಮಾಂಸವನ್ನು ತಿನ್ನಲಾಗುತ್ತದೆ. ಸಹಜವಾಗಿ ಮೃತನಾದವನ ಕಾರ್ನಿಯಾವನ್ನು ತೆಗೆದು ಇನ್ನೊಬ್ಬನ ಕಣ್ಣಿಗೆ ಹೊಲಿಯುವಲ್ಲಿ ವಧೆಯೂ ಇಲ್ಲ, ಭಕ್ಷಣವೂ ಇಲ್ಲ. ಮೇಘರಥನ ಗಿಡುಗ ಮಾಂಸವನ್ನು ತಿಂದು ಮುಗಿಸಿ ಮತ್ತೆ ಹಸಿಯುತ್ತಿತ್ತು. ಕಾರ್ನಿಯಾ ಪಡೆದವನು ಏನನ್ನೂ ತಿಂದು ಮುಗಿಸುವುದಿಲ್ಲ. ನಿಷೇಧದ ಕಾರಣವೇ ಇಲ್ಲದಲ್ಲಿ ನಿಷೇಧವನ್ನು ಎಳೆದು ತರುವುದು ಶಾಸ್ತ್ರನಿಷ್ಠೆಯಾಗದು.

ಪ್ರಸಂಗವಶಾತ್ ಒಂದು ಮಾತು. ಇದೇ ಉಗ್ರಾದಿತ್ಯರು ತಮ್ಮ ಪೂರ್ವಸೂರಿಗಳನ್ನು ಹೆಸರಿಸುವಾಗ ಶಾಲಾಕ್ಯತಂತ್ರವನ್ನು, ಎಂದರೆ ಕಣ್ಣು ಮೊದಲಾದ ಕೊರಳಿನಿಂದ ಮೇಲಣ ಅಂಗಗಳ ಚಿಕಿತ್ಸೆಯನ್ನು, ಪೂಜ್ಯಪಾದರಿಗೆ ಸಲ್ಲಿಸಿದ್ದಾರೆ. ಪೂಜ್ಯಪಾದರು ದೃಷ್ಟಿ ಕಳೆದುಕೊಂಡು ಶಾಂತ್ಯಷ್ಟಕವನ್ನು ರಚಿಸಿ ಅದನ್ನು ಮರಳಿ ಪಡೆದರೆಂಬ ಐತಿಹ್ಯವೂ ಪ್ರಸಿದ್ಧವಾಗಿದೆ. ಕನಕಗಿರಿಯ ಯಾತ್ರಿಕರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ ತಿಳಿಯದು.

ದೇಹವನ್ನು ಬಿಟ್ಟುಕೊಡುವ ಕಥೆಗಳಲ್ಲಿ ಕನ್ನಡಕ್ಕೆ ನಿಜವಾಗಿ ಸ್ವಂತವಾದದ್ದು ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆ. ಸುಖದಲ್ಲಿ ಮುಳುಗಿದ್ದ ಸುಕುಮಾರನು ದೀಕ್ಷೆ ವಹಿಸಿ ಸನ್ಯಸನದಲ್ಲಿರುವಾಗ ಪೂರ್ವವೈರದ ನರಿ ತನ್ನ ಮರಿಗಳೊಡನೆ ಬಂದು ಅವನ ಶರೀರವನ್ನು ಮೂರು ರಾತ್ರಿಗಳ ಕಾಲ ತಿನ್ನುತ್ತದೆ. ಅವನು ಅಲುಗುವುದಿಲ್ಲ. ಇದನ್ನು ದಾನವೆನ್ನಲು ಬಾರದು. ನರಿಗೆ ಅನುಗ್ರಹ ಮಾಡಬೇಕೆಂಬ ಉದ್ದೇಶ ಅವನಿಗಿಲ್ಲ. ಅವನು ಬಿಟ್ಟದ್ದು ದೇಹ ತನ್ನದೆಂಬ ಭಾವವನ್ನು. ಕಣ್ಣಪ್ಪನಲ್ಲಿ ‘ನನ್ನ ಕಣ್ಣು ನಿನಗೆ’ ಎಂಬ ಉತ್ಕಟತೆ ಇದ್ದರೆ ಸುಕುಮಾರನಲ್ಲಿ ‘ನನ್ನ’ ಎಂಬುದೇ ಜಾರಿಹೋಗಿದೆ. ಕಥೆಯ ವಿವರಗಳು ಎಷ್ಟೇ ಭೀಕರವಾಗಿದ್ದರೂ ಇಂದಿನ ನೇತ್ರದಾನಿಯ ಮನಸ್ಸಿಗೆ ಹತ್ತಿರವಿರುವುದು ಈ ಎರಡನೆಯ ಭಾವವೇ. ಮರಣದ ಬಳಿಕ ಕೊಡುವ ಕಣ್ಣಿನಲ್ಲಿ ನೋವಿಲ್ಲ, ಸಾಹಸವಿಲ್ಲ, ಪರೀಕ್ಷೆಯಿಲ್ಲ, ವರಪ್ರಾಪ್ತಿಯೂ ಇಲ್ಲ. ಅದನ್ನು ತ್ಯಾಗವೆಂದು ಕೊಂಡಾಡುವುದು ಅತಿಶಯೋಕ್ತಿ. ಬಾಡಿಗೆಯ ಮನೆಯನ್ನು ಖಾಲಿ ಮಾಡುವವನು ಅಲ್ಲಿ ಉಳಿದ ಗಟ್ಟಿ ಬಾಗಿಲನ್ನು ಬೆಂಕಿಗೆ ಹಾಕದೆ ನೆರೆಯವನಿಗೆ ಬಿಟ್ಟುಹೋದರೆ ಅದನ್ನು ಪರಾಕ್ರಮವೆನ್ನುವುದುಂಟೇ? ಆದರೂ ಆ ಬಾಗಿಲಿನಿಂದ ನೆರೆಯವನ ಮನೆ ಗಾಳಿಮಳೆಗಳಿಂದ ಉಳಿಯುತ್ತದೆ.

ಉಮಾಸ್ವಾತಿಗಳು ದಾನಕ್ಕೆ ಹೇಳಿದ ಲಕ್ಷಣದಲ್ಲಿ ಎರಡು ಅಂಶಗಳಿವೆ. ವಸ್ತು ತನ್ನದಾಗಿರಬೇಕು, ಅದನ್ನು ಬಿಡುವುದು ಅನುಗ್ರಹಕ್ಕಾಗಿ ಇರಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಮರಣವಾದ ಮರುಕ್ಷಣ ಕಣ್ಣು ‘ತನ್ನದು’ ಎನ್ನಲು ದಾನಿಯೇ ಅಲ್ಲಿಲ್ಲ. ಹಾಗಾದರೆ ದಾನಿ ಯಾರು? ಭಾರತದ ಕಾಯಿದೆ ಈ ಪ್ರಶ್ನೆಗೆ ಕೊಡುವ ಉತ್ತರವನ್ನು ಲೆಕ್ಕಪತ್ರ ಬಲ್ಲವರು ಕುತೂಹಲದಿಂದ ಓದಬೇಕು. ಮಾನವ ಅಂಗಾಂಗ ಕಸಿ ಕಾಯಿದೆ 1994ರಲ್ಲಿ ಬಂದಿತು. 2011ರ ತಿದ್ದುಪಡಿಯಿಂದ ಅಂಗಾಂಶಗಳೂ ಅದರ ವ್ಯಾಪ್ತಿಗೆ ಸೇರಿದವು. ಅದು ಮೃತದೇಹಕ್ಕೆ ಒಡೆಯರಿದ್ದಾರೆಂದು ಎಲ್ಲಿಯೂ ಹೇಳುವುದಿಲ್ಲ; ಮೃತದೇಹವು ಕಾನೂನುಬದ್ಧವಾಗಿ ಯಾರ ಸ್ವಾಧೀನದಲ್ಲಿದೆಯೋ ಅವರು ಎಂದು ಹೇಳುತ್ತದೆ. ಸ್ವಾಮ್ಯ ಬೇರೆ, ಸ್ವಾಧೀನ ಬೇರೆ ಎಂಬುದು ವ್ಯಾಪಾರಿಗಳಿಗೆ ಹೊಸ ಪಾಠವಲ್ಲ. ಮಂಡಿಯಲ್ಲಿ ಇಳಿಸಿದ ಇನ್ನೊಬ್ಬರ ಮಾಲು ಮಂಡಿಯವನ ಸ್ವಾಧೀನದಲ್ಲಿರುತ್ತದೆ, ಅವನದಾಗಿರುವುದಿಲ್ಲ. ಬಂಧುಗಳ ಕೈಯಲ್ಲಿ ಶವ ಇರುವ ಬಗೆ ಅಂತಹುದು. ಬದುಕಿದ್ದಾಗ ಇಬ್ಬರು ಸಾಕ್ಷಿಗಳ ಮುಂದೆ, ಅವರಲ್ಲಿ ಒಬ್ಬರು ಹತ್ತಿರದ ಬಂಧುವಾಗಿ, ಬರೆದುಕೊಟ್ಟ ಪತ್ರ ಇದ್ದರೆ ಆ ಇಚ್ಛೆಯನ್ನು ನೆರವೇರಿಸುವುದು ಸ್ವಾಧೀನದಲ್ಲಿರಿಸಿಕೊಂಡವರ ಹೊಣೆ. ಪತ್ರ ಇಲ್ಲದಿದ್ದರೂ, ಮೃತರು ವಿರೋಧಿಸಿರಲಿಲ್ಲವಾದರೆ, ಬಂಧುಗಳು ಒಪ್ಪಿಗೆ ಕೊಡಬಹುದು. ವ್ಯವಹಾರದಲ್ಲಿ ಮಾತ್ರ ಪತ್ರವಿರಲಿ ಬಿಡಲಿ, ಬಂಧುಗಳು ಒಲ್ಲೆವೆಂದರೆ ಯಾವ ವೈದ್ಯರೂ ಮುಂದುವರಿಯುವುದಿಲ್ಲ.

ಎಂದ ಮೇಲೆ ಈ ದಾನದ ನಿಜವಾದ ಕರ್ತರು ಮನೆಯವರು. ಪುರಾಣಗಳಾಗಲಿ ಚಲನಚಿತ್ರವಾಗಲಿ ಅವರನ್ನು ಕಾಣಲೇ ಇಲ್ಲ. ಕಣ್ಣಪ್ಪ ಒಬ್ಬನೇ ನಿರ್ಧರಿಸುತ್ತಾನೆ, ಶಿಬಿ ಒಬ್ಬನೇ ನಿರ್ಧರಿಸುತ್ತಾನೆ. ಮಡದಿ ಮಕ್ಕಳು ಅಳುವುದಕ್ಕಷ್ಟೇ ಇರುತ್ತಾರೆ. 2006ರಲ್ಲಿ ನಡೆದದ್ದು ಬೇರೆ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ನೇತ್ರಬ್ಯಾಂಕನ್ನು ಉದ್ಘಾಟಿಸಿದ ಸಂದರ್ಭದಲ್ಲಿ ರಾಜಕುಮಾರ್ ಅವರು ತಮ್ಮ ಕಣ್ಣುಗಳನ್ನಷ್ಟೇ ಅಲ್ಲದೆ ಕುಟುಂಬದವರೆಲ್ಲರ ಕಣ್ಣುಗಳನ್ನೂ ವಾಗ್ದಾನ ಮಾಡಿದ್ದರು. ಮಾತು ಕೊಟ್ಟು ಹನ್ನೆರಡು ವರ್ಷ ಕಳೆದಿತ್ತು. ಏಪ್ರಿಲ್ 12ರ ಮಧ್ಯಾಹ್ನ ಅವರು ಹಠಾತ್ತಾಗಿ ತೀರಿಕೊಂಡಾಗ ನಗರದಲ್ಲಿ ಜನಸಮುದ್ರ ಉಕ್ಕಿತು, ಗಲಭೆಗಳಾದವು, ಮರುದಿನದ ಅಂತ್ಯಯಾತ್ರೆಯ ವೇಳೆಗೆ ಪ್ರಾಣಹಾನಿಯೂ ಸಂಭವಿಸಿತು. ಅಂತಹ ಕೋಲಾಹಲದ ನಡುವೆ ಯಾರೋ ಒಬ್ಬರು ಕಣ್ಣಿನ ಮಾತನ್ನು ನೆನಪಿಟ್ಟುಕೊಂಡು ವೈದ್ಯರಿಗೆ ಎಡೆಮಾಡಿಕೊಟ್ಟರು. ಇಡೀ ಘಟನೆಯಲ್ಲಿ ವಿಮರ್ಶಕನ ಗೌರವಕ್ಕೆ ಹೆಚ್ಚು ಪಾತ್ರವಾಗಬೇಕಾದದ್ದು ಈ ಸ್ಮರಣೆ. ಅವರ ಪತ್ನಿ ಪಾರ್ವತಮ್ಮನವರು 2017ರ ಮೇ 31ರಂದು ನಿಧನರಾದಾಗಲೂ, ಕಿರಿಯ ಪುತ್ರ ಪುನೀತ್ 2021ರ ಅಕ್ಟೋಬರ್ 29ರಂದು ಅಕಾಲದಲ್ಲಿ ತೀರಿಕೊಂಡಾಗಲೂ ಆ ಮಾತು ಉಳಿಯಿತು. ನಲವತ್ತಾರು ವರ್ಷದ ಮಗ, ತಮ್ಮ, ಪತಿ ಕಣ್ಣೆದುರಿಗೇ ಕುಸಿದುಹೋದ ದಿನ ಒಂದು ಕುಟುಂಬಕ್ಕೆ ಹಳೆಯ ವಾಗ್ದಾನವನ್ನು ಪಾಲಿಸುವ ಚೇತನ ಉಳಿದಿತ್ತೆಂಬುದು ಕಣ್ಣಪ್ಪನ ಸಾಹಸಕ್ಕಿಂತ ಕಡಮೆಯದಲ್ಲ. ಆದರೆ ಅದರ ಜಾತಿಯೇ ಬೇರೆ.

ಪುನೀತರ ಎರಡು ಕಾರ್ನಿಯಾಗಳಿಂದ ನಾಲ್ವರಿಗೆ ದೃಷ್ಟಿ ದೊರೆಯಿತು. ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ. ಅದರಲ್ಲಿ ರಕ್ತನಾಳಗಳಿಲ್ಲ, ಹಲವು ಪದರಗಳಿವೆ. ವೈದ್ಯರು ಮುಂದಿನ ಪದರವನ್ನೂ ಹಿಂದಿನ ಪದರವನ್ನೂ ಬೇರ್ಪಡಿಸಿ, ಯಾರಿಗೆ ಯಾವ ಪದರ ಕೆಟ್ಟಿತ್ತೋ ಅವರಿಗೆ ಅದನ್ನೇ ಜೋಡಿಸಿದರು. 1905ರಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಇಂದಿನ ಚೆಕ್ ದೇಶದ ಓಲೊಮೌಟ್ಸ್ ನಗರದಲ್ಲಿ ಮೊದಲ ಬಾರಿಗೆ ಯಶಸ್ವಿಯಾಗಿ ಕಾರ್ನಿಯಾ ಕಸಿ ಮಾಡಿದಂದಿನಿಂದ ವಿದ್ಯೆ ಇಷ್ಟು ದೂರ ಬಂದಿದೆ. ಆ ದಿನಗಳಲ್ಲಿ ಕರ್ನಾಟಕದಾದ್ಯಂತ ನೇತ್ರದಾನಕ್ಕೆ ಹೆಸರು ಬರೆಸಿದವರ ಸಾಲು ದೊಡ್ಡದಾಗಿ ಬೆಳೆಯಿತು. ಒಳ್ಳೆಯದೇ ಆಯಿತು.

ಆದರೆ ಅಂದು ಪತ್ರಿಕೆಗಳೂ ದೂರದರ್ಶನದ ವಾಹಿನಿಗಳೂ ಬಳಸಿದ ಭಾಷೆಯನ್ನು ಒಪ್ಪುವುದು ಕಷ್ಟ. ಅವರು ನಾಲ್ವರ ಕಣ್ಣುಗಳಲ್ಲಿ ಬದುಕಿದ್ದಾರೆ, ಅವರ ಕಣ್ಣು ಇನ್ನೂ ಲೋಕವನ್ನು ನೋಡುತ್ತಿದೆ, ಸಾವಿಗೇ ಸಾವಾಯಿತು ಎಂಬ ಧಾಟಿಯ ಮಾತುಗಳು ಎಲ್ಲೆಡೆ ಕೇಳಿಬಂದವು. ಶೋಕದಲ್ಲಿರುವ ಜನ ಹಾಗೆ ಮಾತನಾಡಿದರೆ ಆಕ್ಷೇಪಿಸುವುದು ನಿರ್ದಯತೆ. ಬರೆಯುವುದನ್ನೇ ವೃತ್ತಿಯಾಗಿಸಿಕೊಂಡವರು ತಿಂಗಳುಗಟ್ಟಲೆ ಅದನ್ನೇ ಹೇಳತೊಡಗಿದಾಗ ಮಾತ್ರ ವಿಚಾರ ಮಾಡಬೇಕಾಗುತ್ತದೆ. ಕಾರ್ನಿಯಾ ಒಂದು ಪುದ್ಗಲ. ಅದರಲ್ಲಿ ನಟರ ನಗೆಯಿಲ್ಲ, ನೆನಪಿಲ್ಲ, ವ್ಯಕ್ತಿತ್ವವಿಲ್ಲ. ನೋಡುವವನು ಪಡೆದವನು, ಅವನ ದೃಷ್ಟಿ ಅವನದೇ. ಕೊಟ್ಟವರು ತನ್ನ ಕಣ್ಣಿನೊಳಗಿನಿಂದ ನೋಡುತ್ತಿದ್ದಾರೆಂಬ ಹೊರೆಯನ್ನು ಆ ಬಡಪಾಯಿಯ ಮೇಲೆ ಹೊರಿಸಲು ಯಾರಿಗೆ ಅಧಿಕಾರವಿದೆ? ದಾನಿಯ ಹೆಸರನ್ನೂ ಪಡೆದವರ ಹೆಸರನ್ನೂ ಪರಸ್ಪರ ತಿಳಿಸದಿರುವ ರೂಢಿಯ ಔಚಿತ್ಯ ಇಲ್ಲಿ ಸ್ಪಷ್ಟವಾಗುತ್ತದೆ.

ಪೂಜ್ಯಪಾದರ ಸಮಾಧಿತಂತ್ರದ ಬೋಧೆಯೇ ಇಂತಹ ಭಾಷೆಗೆ ಮದ್ದು. ಉಟ್ಟ ಬಟ್ಟೆ ಹರಿದರೆ ತಾನು ಹರಿದೆನೆಂದು ಯಾರೂ ತಿಳಿಯುವುದಿಲ್ಲ. ಹಾಗೆಯೇ ದೇಹ ಜೀರ್ಣವಾದರೆ ಆತ್ಮ ಜೀರ್ಣವಾಯಿತೆಂದು ಜ್ಞಾನಿ ತಿಳಿಯುವುದಿಲ್ಲ ಎಂಬುದು ಆ ಗ್ರಂಥದ ಪ್ರಸಿದ್ಧ ವಿಚಾರಸರಣಿ. ಇದರ ಇನ್ನೊಂದು ಮುಖವನ್ನೂ ನೋಡಬೇಕು. ಬಟ್ಟೆಯನ್ನು ಇನ್ನೊಬ್ಬ ಉಟ್ಟರೆ ಮೊದಲು ಉಟ್ಟವನು ಅದರಲ್ಲಿ ಬದುಕಿ ಉಳಿದನೆಂದೂ ಹೇಳಲಾಗದು. ದೇಹ ನಾಶವಾದರೆ ತಾನು ನಾಶವಾದೆ ಎಂಬುದೂ, ದೇಹದ ತುಣುಕು ಉಳಿದರೆ ತಾನು ಉಳಿದೆ ಎಂಬುದೂ ಒಂದೇ ಬಹಿರಾತ್ಮಬುದ್ಧಿಯ ಎರಡು ರೂಪಗಳು. ಅಮರತ್ವದ ಆಸೆ ತೋರಿಸಿ ಪಡೆದ ಕಣ್ಣಿನಿಂದಲೂ ಕುರುಡನಿಗೆ ದೃಷ್ಟಿ ಬರುತ್ತದೆ, ನಿಜ. ಆದರೆ ಕೊಡುವವನಿಗೆ ಅದರಿಂದ ಮಮತೆ ಕಡಮೆಯಾಗದೆ ಬೆಳೆಯುತ್ತದೆ.

ಇಲ್ಲಿಗೆ ಸಮಾಜದೊಳಗಿನ ಕೆಲವು ಶಂಕೆಗಳನ್ನು ಎತ್ತಿಕೊಳ್ಳಬಹುದು. ಅಂಗ ತೆಗೆದರೆ ಮುಂದಿನ ಜನ್ಮದಲ್ಲಿ ಆ ಅಂಗವಿಲ್ಲದೆ ಹುಟ್ಟುವರೆಂಬ ಭಯ ಜೈನಸಿದ್ಧಾಂತಕ್ಕೆ ಪೂರ್ಣ ಹೊರಗಿನದು. ಮುಂದಿನ ದೇಹವನ್ನು ರಚಿಸುವುದು ನಾಮಕರ್ಮವೇ ಹೊರತು ಹಿಂದಿನ ಶವವಲ್ಲ. ಹೆಣದಲ್ಲಿ ಸಂಮೂರ್ಛಿಮ ಜೀವಗಳು ಬೇಗನೆ ಹುಟ್ಟುವುದರಿಂದ ಸಂಸ್ಕಾರವನ್ನು ತಡಮಾಡಬಾರದೆಂಬ ಆಕ್ಷೇಪ ಇದಕ್ಕಿಂತ ಯೋಗ್ಯವಾದದ್ದು. ಆದರೆ ಕಣ್ಣು ತೆಗೆಯಲು ಬೇಕಾಗುವುದು ಹದಿನೈದು ಇಪ್ಪತ್ತು ನಿಮಿಷ. ದೂರದ ಊರಿನ ಮಗ ಬರಲೆಂದು ಇಡೀ ರಾತ್ರಿ ಮಂಜುಗಡ್ಡೆಯ ಮೇಲೆ ದೇಹವನ್ನು ಕಾಯಿಸುವ ಮನೆಗಳು ಈ ಇಪ್ಪತ್ತು ನಿಮಿಷಕ್ಕೆ ಮಾತ್ರ ಸಂಮೂರ್ಛಿಮ ಜೀವಗಳನ್ನು ನೆನೆಯುವುದು ವಿಚಿತ್ರ. ಪಡೆದವನು ಮಾಂಸಾಹಾರಿಯೋ ಕ್ರೂರಿಯೋ ಆಗಿದ್ದರೆ ಅವನ ಪಾಪದಲ್ಲಿ ಪಾಲು ಬರುವುದೇ ಎಂಬ ಪ್ರಶ್ನೆಯೂ ಇದೆ. ಪಾತ್ರಾಪಾತ್ರ ವಿವೇಕ ಮುನಿಗಳಿಗೆ, ವ್ರತಿಗಳಿಗೆ ಕೊಡುವ ದಾನಕ್ಕೆ ಸಂಬಂಧಿಸಿದ್ದು. ದುಃಖಿತರಿಗೆ ಕೊಡುವ ಕರುಣಾದಾನದಲ್ಲಿ ಆ ತೂಕವಿಲ್ಲ. ಬಾವಿಗೆ ಬಿದ್ದವನನ್ನು ಎತ್ತುವ ಮೊದಲು ಅವನ ಊಟದ ಪದ್ಧತಿಯನ್ನು ಕೇಳುವವರುಂಟೇ?

ಕಠಿನವಾದದ್ದು ಮಿದುಳಿನ ಮರಣದ ಪ್ರಶ್ನೆ. ಕಣ್ಣು, ಚರ್ಮಗಳನ್ನು ಹೃದಯ ನಿಂತ ಮೇಲೆ ತೆಗೆಯಬಹುದು. ಹೃದಯ, ಯಕೃತ್ತು, ಮೂತ್ರಪಿಂಡಗಳ ವಿಷಯ ಹಾಗಲ್ಲ. ಸಾಮಾನ್ಯವಾಗಿ ಮಿದುಳುಕಾಂಡ ಸಂಪೂರ್ಣ ನಿಷ್ಕ್ರಿಯವಾಗಿದ್ದು, ಯಂತ್ರದ ಉಸಿರಿನಿಂದ ಹೃದಯ ಇನ್ನೂ ಮಿಡಿಯುತ್ತಿರುವಾಗಲೇ ಅವುಗಳನ್ನು ತೆಗೆಯಬೇಕಾಗುತ್ತದೆ. 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಲುಕಿದ ನಟ ಸಂಚಾರಿ ವಿಜಯ್ ಅವರ ವಿಷಯದಲ್ಲಿ ಆದದ್ದು ಇದೇ. ಮಿದುಳು ನಿಷ್ಕ್ರಿಯವಾಯಿತೆಂದು ವೈದ್ಯರು ಘೋಷಿಸಿದ ಮೇಲೆ ಕುಟುಂಬದವರು ಅಂಗದಾನಕ್ಕೆ ಒಪ್ಪಿದರು. ಎದೆ ಬೆಚ್ಚಗಿದ್ದು ಏರಿಳಿಯುತ್ತಿರುವ ದೇಹದ ಮುಂದೆ ನಿಂತು ಹೂಂ ಎನ್ನುವುದು ಎಷ್ಟು ಕಷ್ಟವೆಂಬುದನ್ನು ಘೋಷಣೆಗಳನ್ನು ಬರೆಯುವವರು ಅರಿಯರು.

ಜೈನಶಾಸ್ತ್ರ ಹತ್ತು ಪ್ರಾಣಗಳನ್ನು ಹೇಳುತ್ತದೆ: ಐದು ಇಂದ್ರಿಯಗಳು, ಮನೋವಚನಕಾಯಗಳೆಂಬ ಮೂರು ಬಲಗಳು, ಶ್ವಾಸೋಚ್ಛ್ವಾಸ, ಆಯುಷ್ಯ. ಪ್ರಮಾದದಿಂದ ಪ್ರಾಣಕ್ಕೆ ಘಾತ ಮಾಡುವುದು ಹಿಂಸೆ. ಯಂತ್ರ ತೂರಿದ ಗಾಳಿ ಶ್ವಾಸೋಚ್ಛ್ವಾಸಪ್ರಾಣವೆನಿಸುವುದೇ? ಕಾಯಿದೆಯ ಪ್ರಕಾರ ನಾಲ್ವರು ವೈದ್ಯರ ಮಂಡಲಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ, ಯಂತ್ರದ ನೆರವಿಲ್ಲದೆ ಒಂದು ಉಸಿರೂ ಏಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಉಸಿರು ಜೀವದ್ದಲ್ಲ, ಯಂತ್ರದ್ದು ಎಂಬುದನ್ನು ಈ ಪರೀಕ್ಷೆ ತೋರಿಸುತ್ತದೆ. ಆಯುಷ್ಯ ಮುಗಿದ ಕ್ಷಣವನ್ನು ಮಾತ್ರ ಕೇವಲಿಗಳಲ್ಲದೆ ಬೇರೆ ಯಾರೂ ಕಾಣಲಾರರು. ಆದ್ದರಿಂದ ಈ ವಿಷಯದಲ್ಲಿ ಹಿಂಜರಿಯುವ ಶ್ರಾವಕನನ್ನು ಮೂಢನೆಂದು ಹಳಿಯುವುದು ಸಲ್ಲದು. ವಿಚಾರಪೂರ್ವಕವಾಗಿ ಒಪ್ಪಿದವನ ಮೇಲೆ ಪ್ರಮಾದದ ಆರೋಪವನ್ನು ಹೊರಿಸುವುದೂ ಸಲ್ಲದು. ಹಿಂಜರಿಯುವವನಿಗೂ ಕಣ್ಣಿನ ದಾರಿ ತೆರೆದೇ ಇದೆ, ಏಕೆಂದರೆ ಅಲ್ಲಿ ಹೃದಯವೂ ನಿಂತಿರುತ್ತದೆ. ಈ ಎರಡು ದಾನಗಳನ್ನು ಒಂದೇ ಮಾತಿನಲ್ಲಿ ಕಲಸಿ ಹೇಳುವ ಪ್ರಚಾರಪತ್ರಗಳು ಅನಗತ್ಯವಾಗಿ ಹಲವರನ್ನು ಹೆದರಿಸಿವೆ.

ಇನ್ನು ಒಡೆಯರಪಾಳ್ಯ. ಟಿಬೆಟ್ಟಿನ ಬಂಡೆನೆಲದಲ್ಲಿ ಮೃತದೇಹವನ್ನು ರಣಹದ್ದುಗಳಿಗೆ ಅರ್ಪಿಸುವ ಪದ್ಧತಿಗೆ ‘ಜಾತೋರ್’ ಎಂದು ಹೆಸರು. ಹಕ್ಕಿಗಳಿಗೆ ಭಿಕ್ಷೆ ಎಂಬುದು ಆ ಪದದ ಅರ್ಥ. ದೇಹವನ್ನು ಮನಸ್ಸಿನಲ್ಲಿಯೇ ತುಂಡರಿಸಿ ಸಕಲ ಜೀವಿಗಳಿಗೂ ಉಣಬಡಿಸುವ ಧ್ಯಾನಪದ್ಧತಿಯೂ ಅವರಲ್ಲಿದೆ. ಕನ್ನಡನಾಡಿಗೆ ಬಂದ ಮೇಲೆ ಅವರು ಶವಗಳನ್ನು ದಹನ ಮಾಡುತ್ತಾರೆ. ದೇಹವನ್ನು ದಾನವಸ್ತುವೆಂದು ಇಷ್ಟು ಸಹಜವಾಗಿ ಬಗೆದ ಜನಕ್ಕೆ ನೇತ್ರದಾನ ಸುಲಭವಾಗಬೇಕೆಂದು ಹೊರಗಿನವರಿಗೆ ತೋರುತ್ತದೆ. ಆದರೆ ಅವರ ಶಾಸ್ತ್ರದಲ್ಲಿ ಉಸಿರು ನಿಂತ ಮೇಲೂ ಸೂಕ್ಷ್ಮಚಿತ್ತ ಕೆಲಕಾಲ ದೇಹದಲ್ಲಿ ಉಳಿಯಬಹುದು. ಆ ಅವಧಿಯಲ್ಲಿ ಶವವನ್ನು ಮುಟ್ಟಬಾರದು, ಅಲುಗಿಸಬಾರದು. ಸಿದ್ಧರಾದ ಲಾಮಾಗಳ ದೇಹವನ್ನು ದಿನಗಟ್ಟಲೆ ಹಾಗೆಯೇ ಇರಿಸುವುದುಂಟು. ಮರಣಕ್ಕೂ ಪುನರ್ಜನ್ಮಕ್ಕೂ ನಡುವೆ 49 ದಿನಗಳವರೆಗಿನ ಅಂತರಾಳವನ್ನೂ ಅವರು ನಂಬುತ್ತಾರೆ. ಕೊಡುವ ಕರುಣೆ ಮುಖ್ಯವೋ, ಚಿತ್ತದ ನಿರ್ಗಮನಕ್ಕೆ ಬೇಕಾದ ನಿಶ್ಚಲತೆ ಮುಖ್ಯವೋ ಎಂಬುದು ಅವರಲ್ಲಿ ನಿಜವಾದ ಧರ್ಮಸಂಕಟ.

ಜೈನರಿಗೆ ಈ ಸಂಕಟವಿಲ್ಲ. ಜೀವವು ದೇಹವನ್ನು ಬಿಟ್ಟ ಮೇಲೆ ವಿಗ್ರಹಗತಿಯಲ್ಲಿ ನಾಲ್ಕು ಸಮಯಗಳೊಳಗೆ ಹೊಸ ಜನ್ಮಸ್ಥಾನವನ್ನು ಸೇರುತ್ತದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಸಮಯವೆಂದರೆ ಕಾಲದ ಅತ್ಯಂತ ಸೂಕ್ಷ್ಮ ಅಂಶ. ಕಣ್ಣು ಮುಚ್ಚಿಸಲು ಮಗ ಕೈ ಚಾಚುವಷ್ಟರಲ್ಲಿ ತಂದೆಯ ಜೀವ ಬೇರೊಂದು ಗರ್ಭವನ್ನೋ ಗತಿಯನ್ನೋ ಸೇರಿಯಾಗಿರುತ್ತದೆ. ಅಲ್ಲಿ ಕಾಯಬೇಕಾದ ಚಿತ್ತವಿಲ್ಲ, ಕದಡಬಹುದಾದ ಶಾಂತಿಯೂ ಇಲ್ಲ. ಸಲ್ಲೇಖನದಿಂದ ದೇಹವಿಟ್ಟ ವೃದ್ಧ ಶ್ರಾವಕಶ್ರಾವಿಕೆಯರ ವಿಷಯದಲ್ಲಿಯೂ ಇದೇ ಮಾತು. ಕಾರ್ನಿಯಾಕ್ಕೆ ವಯಸ್ಸಿನ ಅಡ್ಡಿಯಿಲ್ಲ, ಕನ್ನಡಕದ ಅಡ್ಡಿಯಿಲ್ಲ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದರೂ ಅಡ್ಡಿಯಿಲ್ಲ. ಹುಚ್ಚುನಾಯಿ ರೋಗ, ಏಡ್ಸ್, ಯಕೃತ್ತಿನ ಉರಿಯೂತದ ಕೆಲವು ಸೋಂಕುಗಳು ಮೊದಲಾದವು ಇದ್ದರೆ ಕಣ್ಣನ್ನು ಸ್ವೀಕರಿಸುವುದಿಲ್ಲ. ಟಿಬೆಟನ್ನರಿಗೆ ಹಿಂಜರಿಯಲು ಶಾಸ್ತ್ರವಿದೆ. ಶ್ರಾವಕರಿಗೆ ಅದೂ ಇಲ್ಲ.

ಉಳಿಯುವುದು ದೂರದ ಪ್ರಶ್ನೆ. ಅದಕ್ಕೆ ಧರ್ಮಭೇದವಿಲ್ಲ. ಕಣ್ಣನ್ನು ಮರಣದ ಆರು ಗಂಟೆಗಳೊಳಗೆ ತೆಗೆಯಬೇಕು. ಬೆಂಗಳೂರಿನ ಸದಾಶಿವನಗರದಲ್ಲಿ ನೇತ್ರಬ್ಯಾಂಕಿನವರು ಬರಲು ಹೆಚ್ಚು ಹೊತ್ತು ಬೇಕಿಲ್ಲ. ಒಡೆಯರಪಾಳ್ಯದಿಂದ ಮೈಸೂರು ಸುಮಾರು ನೂರು ಕಿಲೋಮೀಟರು. ಲೊಕ್ಕನಹಳ್ಳಿಯ ಕಾಡುದಾರಿ, ಕೊಳ್ಳೇಗಾಲ, ಅಲ್ಲಿಂದ ಮುಂದೆ. ರಾತ್ರಿ ಎರಡು ಗಂಟೆಗೆ ಹಿರಿಯರೊಬ್ಬರು ತೀರಿಕೊಂಡರೆ, ಮನೆಯವರು ಅತ್ತು ಮುಗಿಸಿ, ಬೆಳಗಾಗಲಿ ಎಂದು ಕಾದು, ಊರಿನ ಹಿರಿಯರನ್ನು ಕೇಳಿ ತೀರ್ಮಾನಿಸುವಷ್ಟರಲ್ಲಿ ಎಂಟು ಗಂಟೆ. ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಪುರಾಣದ ಯಾವ ದಾನಿಗೂ ಗಡಿಯಾರದ ತೊಂದರೆ ಇರಲಿಲ್ಲ. ಇಲ್ಲಿ ಧರ್ಮದ ಬಹುಭಾಗ ಗಡಿಯಾರದಲ್ಲಿಯೇ ಇದೆ.

ಸಾವಿನ ಮನೆಯಲ್ಲಿ ಆ ಹೊತ್ತಿಗೆ ಆಗಬೇಕಾದ ಕೆಲಸಗಳು ಅತಿ ಸಣ್ಣವು. ರೆಪ್ಪೆಗಳನ್ನು ಮೆಲ್ಲನೆ ಮುಚ್ಚಬೇಕು. ಅವುಗಳ ಮೇಲೆ ಒದ್ದೆ ಹತ್ತಿಯನ್ನಿಡಬೇಕು. ತಲೆಯ ಕೆಳಗೆ ದಿಂಬಿಟ್ಟು ಸ್ವಲ್ಪ ಎತ್ತರಿಸಬೇಕು, ಫ್ಯಾನನ್ನು ನಿಲ್ಲಿಸಬೇಕು. ವೈದ್ಯರಿಂದ ಮರಣದ ಪ್ರಮಾಣಪತ್ರ ಪಡೆಯಬೇಕು. ಹತ್ತಿರದ ನೇತ್ರಬ್ಯಾಂಕಿಗೆ ಯಾರಾದರೂ ಒಬ್ಬರು ಫೋನ್ ಮಾಡಬೇಕು, ಅದೂ ಮೊದಲ ಒಂದು ಗಂಟೆಯೊಳಗೆ. ಆ ಒಬ್ಬರು ಯಾರು, ಸೊಸೆಯೋ, ಮೊಮ್ಮಗನೋ, ಪಕ್ಕದ ಅಂಗಡಿಯವರೋ, ಆ ಸಂಖ್ಯೆ ಗೋಡೆಯ ಪಂಚಾಂಗದ ಯಾವ ಹಾಳೆಯಲ್ಲಿ ಬರೆದಿದೆ ಎಂಬುದು ಮನೆಯವರಿಗೆಲ್ಲ ಮುಂಚಿತವಾಗಿ ತಿಳಿದಿರಬೇಕು. ಗಾಜನೂರಿನ ಮುತ್ತುರಾಜರು 1994ರಲ್ಲಿ ಕುಟುಂಬದ ಎಲ್ಲರ ಹೆಸರಿನಲ್ಲಿಯೂ ಮಾತು ಕೊಟ್ಟಿದ್ದರಿಂದ ಮುಂದಿನ ಮೂರು ಸಾವುಗಳ ದಿನ ಆ ಮನೆಯಲ್ಲಿ ಯಾರೂ ಹೊಸದಾಗಿ ತೀರ್ಮಾನಿಸಬೇಕಾಗಿರಲಿಲ್ಲ.